ಮರಳಿನಿಂದ ಗಾಜು ಕೊರೆದವನು

ಅಮೆರಿಕದ ಫಿಲಡೆಲ್ಫಿಯದಲ್ಲಿ ೧೮೨೧ರಲ್ಲಿ ಜನಿಸಿದ ಬೆಂಜಮಿನ್ ಚ್ಯೂ ಟಿಲ್ಗ್‌ಮನ್ ಓದಿದ್ದು ಕಾನೂನು. ಮನಸ್ಸು ಹರಿದದ್ದು ರಸಾಯನಶಾಸ್ತ್ರದ ಕಡೆಗೆ. ಅಂತರ್ಯುದ್ಧ ಬಂದಾಗ ಆತನು ಒಕ್ಕೂಟದ ಸೈನ್ಯವನ್ನು ಸೇರಿದನು. ೧೮೬೩ರ ಚಾನ್ಸಲರ್ಸ್‌ವಿಲ್ ಕಾಳಗದಲ್ಲಿ ಗಾಯಗೊಂಡನು. ಆದರೂ ಮನೆ ಹಿಡಿದು ಕೂರದೆ, ಕಪ್ಪು ಸೈನಿಕರ ಮೂರನೆಯ ಪದಾತಿದಳದ ನಾಯಕನಾದನು.

ಯುದ್ಧ ಮುಗಿದ ಮೇಲೆ, ಮರದಿಂದ ಕಾಗದದ ತಿರುಳು ತೆಗೆಯುವ ಸಲ್ಫೈಟ್ ವಿಧಾನಕ್ಕೆ ೧೮೬೭ರಲ್ಲಿ ಪೇಟೆಂಟ್ ಪಡೆದನು. ೧೮೭೦ರಲ್ಲಿ, ಹಬೆಯ ಅಥವಾ ಗಾಳಿಯ ರಭಸದಿಂದ ಮರಳನ್ನು ಚಿಮ್ಮಿಸಿ ಕಲ್ಲು, ಗಾಜುಗಳನ್ನು ಕೊರೆಯುವ ವಿಧಾನಕ್ಕೂ ಪಡೆದನು.

ಈ ವಿಧಾನದ ಒಂದು ಸಂಗತಿ ನನ್ನನ್ನು ಬೆರಗುಗೊಳಿಸಿತು. ಮರಳು ಗಟ್ಟಿ ಗಾಜನ್ನು ಸವೆಸುತ್ತದೆ. ಅದರ ಮೇಲಿನ ಮೆತ್ತನೆಯ ಪೊರೆಯನ್ನು ಬೇಗ ಸವೆಸಲಾರದು. ಬಾಗುವ ಪೊರೆಗೆ ಬಡಿದ ಕಣ ಪುಟಿದು ಹೋಗುತ್ತದೆ. ಛಾಯಾಚಿತ್ರ ಗಾಜಿಗೆ ಇಳಿಯುವುದೂ ಇದರಿಂದಲೇ. ಡೈಕ್ರೋಮೇಟ್ ಬೆರೆಸಿದ ಜೆಲಟಿನ್ನನ್ನು ಗಾಜಿಗೆ ಬಳಿದು, ನೆಗಟಿವ್ ಮೂಲಕ ಬೆಳಕು ಬಿಡುತ್ತಾರೆ. ಬೆಳಕು ಬಿದ್ದ ಭಾಗ ನೀರಿನಲ್ಲಿ ಕರಗದು; ಉಳಿದದ್ದನ್ನು ಬಿಸಿನೀರು ತೊಳೆದುಬಿಡುತ್ತದೆ. ಹಾಗೆ ಬರಿದಾದ ಗಾಜನ್ನು ಮರಳು ಕೊರೆದು ಮಸುಕಾಗಿಸುತ್ತದೆ. ಪೊರೆಯ ಅಡಿಯದು ನಿರ್ಮಲವಾಗಿ ಉಳಿಯುತ್ತದೆ. ಎರಡೂ ಕೂಡಿ ಚಿತ್ರವಾಗುತ್ತದೆ.

ಟಿಲ್ಗ್‌ಮನ್ ತೀರಿಕೊಂಡದ್ದು ೧೯೦೧ರಲ್ಲಿ. ಕಾನೂನು, ಕಾಳಗ, ರಸಾಯನ: ಆತನ ಬಾಳೂ ಬಾಗುತ್ತಲೇ ಉಳಿದದ್ದು.

ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಪರೀಕ್ಷೆ ಮುಗಿದೊಡನೆ ಹೊರಗಿನ ಗಾಳಿಗೆ ಮುಖವೊಡ್ಡಬೇಕಾದವನು. ಕಲ್ಲಿನಂತೆ ಗಟ್ಟಿಯಾಗಿರು ಎಂದೇ ಹಿರಿಯರು ಹರಸಿ ಕಳಿಸಿದ್ದಾರೆ. ಆದರೆ ಕಲ್ಲನ್ನೂ ಮರಳು ಕೊರೆಯುತ್ತದೆ. ಬಾಗಿಯೂ ಹರಿಯದ ಆ ತೆಳುಪೊರೆಯ ಗುಣವೂ ನನಗೆ ಬೇಕು.