ಅವ್ವ ನುಂಗಿದ ಕೆಂಪು ಮಾತ್ರೆ, ಅದನ್ನು ಹುಡುಕಿದ ಲೂಸಿ ವಿಲ್ಸ್

ಹೋದ ತಿಂಗಳು ಬಸರಾಳಿಗೆ ಹೋಗಿದ್ದೆ. ಅಡುಗೆಮನೆ ಕಿಟಕಿಯಲ್ಲಿ ಎರಡು ಮಾತ್ರೆ ಪಟ್ಟಿ ಇದ್ದವು. ಒಂದು ಅವ್ವನ ಕೊಲೆಸ್ಟ್ರಾಲ್ ಮಾತ್ರೆ. ಅದರಲ್ಲಿ ಒಂದನ್ನೂ ಮುರಿದಿರಲಿಲ್ಲ. ಇನ್ನೊಂದು ಆಶಾ ಕಾರ್ಯಕರ್ತೆ ಮನೆಗೇ ತಂದುಕೊಟ್ಟ ಕೆಂಪು ಮಾತ್ರೆ. ಅದು ಅರ್ಧ ಖಾಲಿ. ಆದರೆ ಆ ಕೆಂಪು ಮಾತ್ರೆ ಅವ್ವನದ್ದಲ್ಲ, ಐದು ತಿಂಗಳ ಬಸುರಿಯಾದ ತಮ್ಮನ ಹೆಂಡತಿಯದ್ದು. ಅವಳಿಗೆ ಅದು ತಿಂದರೆ ಹೊಟ್ಟೆ ತೊಳಸುತ್ತದೆ, ಮಲ ಕಪ್ಪಾಗುತ್ತದೆ, ಮಗುವೂ ಕಪ್ಪಾಗುತ್ತೆ ಅಂತ ಬೇರೆ ಯಾರೋ ಹೇಳಿದ್ದಾರೆ. ಹಾಗಾಗಿ ಬಿಟ್ಟಿದ್ದಾಳೆ. ಅವ್ವನ ಫೋನಿಗೆ ಬಂದ ಸಂದೇಶ ಇನ್ನೊಂದು ಕಥೆ ಹೇಳಿದೆ: ಫೋಲಿಕ್ ಆಸಿಡ್ ತಿಂದರೆ ಹೃದಯದ ನಾಳ ಕ್ಲೀನ್ ಆಗುತ್ತೆ, ಕೊಲೆಸ್ಟ್ರಾಲ್ ಇಳಿಯುತ್ತೆ, ಡಾಕ್ಟರ್ ಮಾತ್ರೆ ಬೇಕಾಗಿಲ್ಲ. ಕೆಂಪು ಪಟ್ಟಿಯ ಹಿಂದೆ ಫೋಲಿಕ್ ಆಸಿಡ್ ಅಂತ ಬರೆದಿದೆಯಲ್ಲ, ಪುಕ್ಕಟೆ ಬೇರೆ. ಅವ್ವ ಮೂರು ತಿಂಗಳಿಂದ ತನ್ನದನ್ನು ಬಿಟ್ಟು ಸೊಸೆಯದ್ದನ್ನು ನುಂಗುತ್ತಿದ್ದಾಳೆ.

ಬೇಕಾದವಳು ತಿನ್ನಲ್ಲ, ಬೇಡದವಳು ತಿಂತಾಳೆ. ಬೈಯೋಕೆ ಬಾಯಿ ತೆರೆದವನು ಅವ್ವನ ಮುಖ ನೋಡಿ ಸುಮ್ಮನಾದೆ. ಇಂಜಿನಿಯರಿಂಗ್ ಓದಿದವರಿಗೆ ಒಂದು ಚಟ ಇರುತ್ತೆ, ಕೆಲಸ ಬಿಟ್ಟು ಪತ್ರಿಕೋದ್ಯಮಕ್ಕೆ ಬಂದರೂ ಅದು ಹೋಗಲ್ಲ: ಯಾವುದೇ ಸಾಮಾನು ಕೈಗೆ ಸಿಕ್ಕರೆ ಇದನ್ನು ಯಾರು, ಯಾಕೆ ಮಾಡಿದರು ಅಂತ ಬಿಚ್ಚಿ ನೋಡೋದು. ಸಂಜೆ ಮಲ್ಲಿಕಾರ್ಜುನ ದೇವಸ್ಥಾನದ ಜಗತಿ ಮೇಲೆ ಕೂತು ಓದುತ್ತಾ ಹೋದೆ. 1234ರ ಸುಮಾರಿಗೆ ಕಟ್ಟಿದ ಹೊಯ್ಸಳರ ಗುಡಿ ಅದು. ಊರಿಗೆ ಹೊರಗಿನವರು ಬರೋದೇ ಅದನ್ನು ನೋಡೋಕೆ. ಅಲ್ಲಿ ನನಗೆ ಸಿಕ್ಕವಳು ಲೂಸಿ ವಿಲ್ಸ್.

ಲೂಸಿ ಹುಟ್ಟಿದ್ದು 1888ರ ಮೇ 10ರಂದು, ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಪಕ್ಕದ ಸಟನ್ ಕೋಲ್ಡ್‌ಫೀಲ್ಡ್‌ನಲ್ಲಿ. ಮನೆಯವರದ್ದು ಕುಡುಗೋಲು, ಮಚ್ಚಿನಂಥ ಹರಿತದ ಸಾಮಾನು ಮಾಡುವ ಕಾರ್ಖಾನೆ. ಅನುಕೂಲಸ್ಥರು. ಕೇಂಬ್ರಿಡ್ಜ್‌ನ ನ್ಯೂನಮ್ ಕಾಲೇಜಿನಲ್ಲಿ ಸಸ್ಯಶಾಸ್ತ್ರ, ಭೂವಿಜ್ಞಾನ ಓದಿ 1911ರಲ್ಲಿ ಪರೀಕ್ಷೆ ಮುಗಿಸಿದಳು. ಪದವಿ ಸಿಗಲಿಲ್ಲ. ಹೆಂಗಸರು ಪರೀಕ್ಷೆ ಬರೆಯಬಹುದಿತ್ತು, ಪದವಿ ಕೊಡುತ್ತಿರಲಿಲ್ಲ; ಕೇಂಬ್ರಿಡ್ಜ್ ಅದನ್ನು ಬದಲಿಸಿದ್ದು 1948ರಲ್ಲಿ. ಅಷ್ಟರಲ್ಲಿ ನಮ್ಮ ಮೈಸೂರು ವಿಶ್ವವಿದ್ಯಾಲಯಕ್ಕೇ ಮೂವತ್ತೆರಡು ವರ್ಷ ಆಗಿತ್ತು.

ಆಮೇಲಿನ ಎರಡು ಮೂರು ವರ್ಷ ಮನೆಯಲ್ಲಿ ಸಾವುಗಳು. ಮೊದಲು ಅಪ್ಪ, ಆಮೇಲೆ ಅಕ್ಕ. ಸಿಲೋನಿಗೆ ಹೋಗಿ ಬಂದಳು, ಆಮೇಲೆ ದಕ್ಷಿಣ ಆಫ್ರಿಕಾಕ್ಕೆ. ಅಲ್ಲಿದ್ದಾಗಲೇ ಮೊದಲ ಮಹಾಯುದ್ಧ ಶುರುವಾಗಿ ಕೇಪ್‌ಟೌನಿನಲ್ಲಿ ಕೆಲವು ವಾರ ನರ್ಸ್ ಕೆಲಸ ಮಾಡಿದಳು. ವಾಪಸ್ ಬಂದವಳೇ 1915ರಲ್ಲಿ ಲಂಡನ್ನಿನ ಮಹಿಳಾ ವೈದ್ಯಕೀಯ ಶಾಲೆ ಸೇರಿದಳು. ಡಾಕ್ಟರ್ ಆದಾಗ 32 ವರ್ಷ. ಈ ಒಂದು ಸಂಗತಿ ನನಗೆ ಯಾಕೋ ತುಂಬಾ ಸಮಾಧಾನ ಕೊಟ್ಟಿತು. ದಾರಿ ಬದಲಿಸಿದವರಿಗೆ ಮಾತ್ರ ಗೊತ್ತಾಗುವ ಸಮಾಧಾನ ಅದು. ಆದರೆ ಅವಳು ಕ್ಲಿನಿಕ್ ತೆರೆಯಲಿಲ್ಲ, ರಾಯಲ್ ಫ್ರೀ ಆಸ್ಪತ್ರೆಯಲ್ಲಿ ಬಸುರಿಯರ ದೇಹದೊಳಗೆ ಏನೇನು ಬದಲಾಗುತ್ತದೆ ಅಂತ ಸಂಶೋಧನೆಗೆ ಇಳಿದಳು.

ಇಂಡಿಯಾದಲ್ಲಿ ಆಗ ಡಾ. ಮಾರ್ಗರೆಟ್ ಬಾಲ್ಫರ್ ಅನ್ನೋ ವೈದ್ಯೆ ಬಾಣಂತಿ ಸಾವುಗಳ ಲೆಕ್ಕ ಹಿಡಿದು ಕೂತಿದ್ದರು. ಬಸುರಿಯರಿಗೆ ಬರುತ್ತಿದ್ದ ಒಂದು ವಿಚಿತ್ರ ರಕ್ತಹೀನತೆ ಯಾರಿಗೂ ಅರ್ಥವಾಗುತ್ತಿರಲಿಲ್ಲ. ಬಾಲ್ಫರ್ ಕರೆದರು, ಲೂಸಿ ಬಂದಳು. 1928ರಲ್ಲಿ, ಬೊಂಬಾಯಿಯ ಹಾಫ್‌ಕಿನ್ ಇನ್‌ಸ್ಟಿಟ್ಯೂಟ್‌ಗೆ.

1928ರ ಬೊಂಬಾಯಿ ಅಂದರೆ ನಿಮಗೆ ಗೊತ್ತಿರಬೇಕು. ಗಿರಣಿ ಕಾರ್ಮಿಕರು ತಿಂಗಳುಗಟ್ಟಲೆ ಮುಷ್ಕರ ಹೂಡಿದ ವರ್ಷ. ಗಿರಣಿ ಕಾಮ್‌ಗಾರ್ ಯೂನಿಯನ್ ಹುಟ್ಟಿದ್ದು ಆಗಲೇ. ಮುಷ್ಕರದ ಚರಿತ್ರೆ ಬರೆದವರು ಕೂಲಿಯ ಲೆಕ್ಕ ಬರೆದಿದ್ದಾರೆ. ಅದೇ ಊರಿನ ಬಟ್ಟೆ ಗಿರಣಿಗಳ ಹೆಂಗಸರ, ಬಡ ಮುಸ್ಲಿಂ ಕೇರಿಗಳ ಬಸುರಿಯರ ರಕ್ತದ ಲೆಕ್ಕ ಬರೆದವಳು ಲೂಸಿ. ಇವರ ರಕ್ತ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕೆಂಪು ಕಣಗಳು ಕಡಿಮೆ, ಇದ್ದವು ಮಾಮೂಲಿಗಿಂತ ದೊಡ್ಡವು. ಕಬ್ಬಿಣ ಕಡಿಮೆಯಾದರೆ ಕಣ ಸಣ್ಣದಾಗುತ್ತದೆ. ಇದು ತಿರುಗುಮುರುಗು. ಇವತ್ತು ಕಾರಣ ಗೊತ್ತು: ಮೂಳೆಮಜ್ಜೆಯಲ್ಲಿ ಕಣ ಒಡೆದು ಎರಡಾಗಬೇಕಾದರೆ ಹೊಸ ಡಿಎನ್‌ಎ ಬೇಕು, ಡಿಎನ್‌ಎ ಕಟ್ಟೋಕೆ ಫೋಲೇಟ್ ಬೇಕು. ಅದಿಲ್ಲದಿದ್ದರೆ ಕಣ ಬೆಳೆಯುತ್ತಲೇ ಇರುತ್ತದೆ, ಒಡೆಯಲ್ಲ. ಆಗ ಫೋಲೇಟ್ ಅನ್ನೋ ಹೆಸರೇ ಇರಲಿಲ್ಲ.

ಲೂಸಿ ಮಾಡಿದ ಕೆಲಸ ನನಗೆ ಇಷ್ಟವಾಗೋದು ಇಲ್ಲಿ. ಪ್ರಯೋಗಾಲಯದಲ್ಲೇ ಕೂರದೆ ಆ ಹೆಂಗಸರು ಏನು ತಿನ್ನುತ್ತಾರೆ, ಎಂಥ ಮನೆಯಲ್ಲಿ ಇರುತ್ತಾರೆ ಅಂತ ಸಮೀಕ್ಷೆಗೆ ಇಳಿದಳು. 1930ರಲ್ಲಿ ಅದು ಪ್ರಕಟವಾಯಿತು. ಜೊತೆಯಲ್ಲಿ ಎಸ್.ಎನ್. ತಲ್ಪಡೆ ಅಂತ ಒಂದು ಹೆಸರಿದೆ. ಇನ್ನೊಂದು ಪ್ರಬಂಧದಲ್ಲಿ ಎಂ.ಎಂ. ಮೆಹ್ತಾ. ಲೂಸಿ ಕಥೆ ಹೇಳುವವರು ಈ ಇಬ್ಬರನ್ನು ಸಾಮಾನ್ಯವಾಗಿ ಕೈಬಿಡುತ್ತಾರೆ, ನಾವಾದರೂ ಬಿಡೋದು ಬೇಡ. ತಟ್ಟೆಯಲ್ಲಿ ಸೊಪ್ಪು, ತರಕಾರಿ, ಹಣ್ಣು ಕಡಿಮೆ ಇದ್ದವರಲ್ಲೇ ಕಾಯಿಲೆ ಹೆಚ್ಚು.

ಬೊಂಬಾಯಿಯ ಬಡ ಬಸುರಿಯ ಊಟವನ್ನೇ ಇಲಿಗಳಿಗೆ ಹಾಕಿ ನೋಡಿದಳು. 1929ರ ಬೇಸಿಗೆಯಿಂದ ಕೆಲವು ತಿಂಗಳು ಈ ಕೆಲಸ ನಡೆದದ್ದು ನಮ್ಮ ಗುಂಡ್ಲುಪೇಟೆ ದಾಟಿದರೆ ಸಿಗುವ ನೀಲಗಿರಿಯ ಕೂನೂರಿನಲ್ಲಿ, ಪಾಶ್ಚರ್ ಇನ್‌ಸ್ಟಿಟ್ಯೂಟಿನಲ್ಲಿ. ಇಲಿಗಳಿಗೆ ರಕ್ತ ಕಡಿಮೆಯಾಯಿತು, ಯೀಸ್ಟ್ ಕೊಟ್ಟರೆ ತಡೆಯಿತು. ಗೆದ್ದೆವು ಅನ್ನುವಷ್ಟರಲ್ಲಿ ಇಲಿಗಳ ಮೈಯ ಹೇನು ಅಡ್ಡ ಬಂತು. ಹೇನು ಹರಡುವ ಸೋಂಕಿನಿಂದಲೂ ಇಲಿಗೆ ರಕ್ತಹೀನತೆ ಬರುತ್ತದೆ, ಹಾಗಾಗಿ ಲೆಕ್ಕವೇ ಕಲಸಿಹೋಯಿತು. ಕೋತಿಗಳ ಮೇಲೆ ಮತ್ತೆ ಮೊದಲಿಂದ ಶುರು ಮಾಡಿದಳು. ನಮ್ಮಲ್ಲಿ ಎಷ್ಟು ಜನ ಇಲಿಯ ಫಲಿತಾಂಶ ಹಿಡಿದು ಭಾಷಣಕ್ಕೆ ಹೊರಟುಬಿಡುತ್ತಿದ್ದೆವೋ!

ಕೋತಿಗೆ ಗುಣವಾದದ್ದು ಮಾರ್ಮೈಟ್‌ನಿಂದ. ಬಿಯರ್ ಮಾಡಿದ ಮೇಲೆ ತಳದಲ್ಲಿ ಉಳಿಯುವ ಯೀಸ್ಟಿನ ಕಪ್ಪು ಅಂಟು ಅದು, ಇಂಗ್ಲೆಂಡಿನವರು ಬ್ರೆಡ್ಡಿಗೆ ಸವರಿಕೊಳ್ಳುತ್ತಾರೆ. ಅದನ್ನೇ ಹೆಂಗಸರಿಗೂ ಕೊಟ್ಟಳು. ಕೆಲವೇ ದಿನದಲ್ಲಿ ಹೊಸ ರಕ್ತಕಣಗಳು ಏರತೊಡಗಿದವು. 1931ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಅದನ್ನು ಪ್ರಕಟಿಸಿತು. ಅದೇ ವರ್ಷ ಮದ್ರಾಸಿನ ಗೋಷಾ ಆಸ್ಪತ್ರೆಯಲ್ಲೂ, ಅಂದರೆ ಈಗಿನ ಟ್ರಿಪ್ಲಿಕೇನಿನ ಕಸ್ತೂರಬಾ ಆಸ್ಪತ್ರೆಯಲ್ಲಿ, ಕೆಲಸ ಮಾಡಿದಳು. ಆ ಕಾಲಕ್ಕೆ ರಕ್ತಹೀನತೆಗೆ ದೊಡ್ಡ ಮದ್ದು ಅಂದರೆ ಪಿತ್ತಜನಕಾಂಗದ ಸಾರ. ಅದನ್ನು ಶುದ್ಧೀಕರಿಸಿದಷ್ಟೂ ಲೂಸಿಯ ರೋಗಿಗಳಿಗೆ ಕೆಲಸ ಮಾಡುತ್ತಿರಲಿಲ್ಲ, ಮಾರ್ಮೈಟ್ ಮಾಡುತ್ತಿತ್ತು. ಅಂದರೆ ಇದರಲ್ಲಿ ಬೇರೆಯದೇ ಒಂದು ವಸ್ತು ಇದೆ. ಅದಕ್ಕೆ ವಿಲ್ಸ್ ಅಂಶ ಅಂತ ಹೆಸರು ಬಿತ್ತು. ಶುದ್ಧ ಸಾರದಲ್ಲಿ ಉಳಿಯುತ್ತಿದ್ದ ಇನ್ನೊಂದು ವಸ್ತು ವಿಟಮಿನ್ ಬಿ12 ಅಂತ ಆಮೇಲೆ ಗೊತ್ತಾಯಿತು. ಈ ಎರಡೂ ಬೇರೆ ಬೇರೆ ಅನ್ನೋದನ್ನು ನೆನಪಿಡಿ, ಅವ್ವನ ವಿಷಯಕ್ಕೆ ಬೇಕಾಗುತ್ತೆ.

ಮುಂದಿನದ್ದು ಬೇರೆಯವರ ಕೆಲಸ. 1941ರಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ನಾಲ್ಕು ಟನ್ ಪಾಲಕ್ ಸೊಪ್ಪು ಅರೆದು ಆ ವಸ್ತುವನ್ನು ಬೇರ್ಪಡಿಸಿದರು. ಲ್ಯಾಟಿನ್‌ನಲ್ಲಿ ಎಲೆಗೆ ಫೋಲಿಯಂ ಅನ್ನುತ್ತಾರೆ, ಅದರಿಂದ ಫೋಲಿಕ್ ಆಸಿಡ್. ಕನ್ನಡದಲ್ಲಿ ಸೊಪ್ಪಿನ ಹುಳಿ ಅನ್ನಬಹುದಿತ್ತು, ಆದರೆ ಅದು ನಮ್ಮಲ್ಲಿ ಆಗಲೇ ಒಂದು ಸಾರಿನ ಹೆಸರು. ತಮಾಷೆ ಅಂದರೆ ಫೋಲೇಟ್ ನೀರಿಗೆ ಇಳಿದುಹೋಗುತ್ತೆ, ಸೊಪ್ಪು ಬೇಯಿಸಿ ನೀರು ಚೆಲ್ಲಿದರೆ ಅದೂ ಚೆಲ್ಲಿಹೋಯಿತು. ಮಂಡ್ಯದ ಕಡೆಯವರು ಆ ಬಸಿದ ನೀರಿನಲ್ಲೇ ಬಸ್ಸಾರು ಮಾಡಿ ಮುದ್ದೆ ಮುರೀತೀವಿ. ಕಾಯಿಸಿದಾಗ ಒಂದಷ್ಟು ಹಾಳಾದರೂ ಉಳಿದದ್ದು ತಟ್ಟೆಗೇ ಬರುತ್ತೆ.

1945ರಲ್ಲಿ ಲೆಡರ್ಲೆ ಕಂಪನಿಯ ಪ್ರಯೋಗಾಲಯ ಅದನ್ನು ಕೃತಕವಾಗಿ ತಯಾರಿಸಿತು. ಅಲ್ಲಿನ ತಂಡದ ಮುಖ್ಯಸ್ಥ ಯಲ್ಲಾಪ್ರಗಡ ಸುಬ್ಬರಾವ್. ಭೀಮವರಂನಲ್ಲಿ ಹುಟ್ಟಿದವರು, ಗಾಂಧಿ ಮಾತು ಕೇಳಿ ಮದ್ರಾಸ್ ಮೆಡಿಕಲ್ ಕಾಲೇಜಿನಲ್ಲಿ ಖಾದಿ ತೊಟ್ಟು ಪ್ರೊಫೆಸರರ ಕೋಪಕ್ಕೆ ಗುರಿಯಾಗಿ ಪೂರ್ಣ ಪದವಿ ತಪ್ಪಿಸಿಕೊಂಡವರು. ಅವರ ಅಣ್ಣತಮ್ಮಂದಿರಿಬ್ಬರು ಸತ್ತದ್ದು ಸ್ಪ್ರೂ ಅನ್ನೋ ಕರುಳಿನ ಕಾಯಿಲೆಯಿಂದ. ಅದಕ್ಕೆ ಕೆಲಸ ಮಾಡುವ ಮದ್ದುಗಳಲ್ಲಿ ಫೋಲಿಕ್ ಆಸಿಡ್ ಒಂದು ಅಂತ ಅದು ತಯಾರಾದ ಸ್ವಲ್ಪದರಲ್ಲೇ ಗೊತ್ತಾಯಿತು. ಅವರ ಬಗ್ಗೆ ಇನ್ನೊಮ್ಮೆ ಬರೀಬೇಕು.

ಲೂಸಿ 1933ಕ್ಕೆ ಲಂಡನ್ನಿಗೆ ಮರಳಿದ್ದಳು. 1937ರಲ್ಲಿ ಮತ್ತೊಮ್ಮೆ ಬೊಂಬಾಯಿಗೆ ಬಂದಳು. ನೀರಿನ ಮೇಲೆ ಇಳಿಯುವ ವಿಮಾನದಲ್ಲಿ ಕರಾಚಿ ತಲುಪೋಕೆ ಐದು ದಿನ. 1947ರಲ್ಲಿ ನಿವೃತ್ತಿ. ಆಮೇಲೂ ಜಮೈಕಾ, ಫಿಜಿ ಅಂತ ಬಸುರಿಯರ ರಕ್ತ ನೋಡುತ್ತಾ ತಿರುಗಿದಳು. ಮದುವೆಯಾಗಲಿಲ್ಲ. ಸೈಕಲ್‌ನಲ್ಲೇ ಕೆಲಸಕ್ಕೆ ಹೋಗುತ್ತಿದ್ದಳು. ಕೊನೆಯ ಹತ್ತು ವರ್ಷ ಚೆಲ್ಸಿಯಲ್ಲಿ ಲೇಬರ್ ಪಕ್ಷದ ಕೌನ್ಸಿಲರ್, ಅಂದರೆ ನಮ್ಮ ಲೆಕ್ಕದಲ್ಲಿ ವಾರ್ಡ್ ಮೆಂಬರ್. ವಿಟಮಿನ್ ಕಂಡುಹಿಡಿಯೋಕೆ ದಾರಿ ತೋರಿದವಳು ಎಪ್ಪತ್ತರ ವಯಸ್ಸಿನಲ್ಲಿ ವಾರ್ಡಿನ ಕೆಲಸ ನೋಡುತ್ತಿದ್ದಳು. ತೀರಿಕೊಂಡಿದ್ದು 1964ರ ಏಪ್ರಿಲ್‌ನಲ್ಲಿ.

ಈಗ ಅವ್ವನ ಫೋನಿನ ಸಂದೇಶಕ್ಕೆ ಬರ್ತೀನಿ. ಅದು ಪೂರ್ತಿ ಗಾಳಿಯಲ್ಲಿ ಹುಟ್ಟಿದ್ದಲ್ಲ. ರಕ್ತದಲ್ಲಿ ಹೋಮೋಸಿಸ್ಟೀನ್ ಅಂತ ಒಂದು ವಸ್ತು ಇದೆ. ಅದು ಜಾಸ್ತಿ ಇದ್ದವರಲ್ಲಿ ಹೃದಯದ ಕಾಯಿಲೆಯೂ ಜಾಸ್ತಿ ಕಾಣುತ್ತೆ, ಫೋಲಿಕ್ ಆಸಿಡ್ ಅದನ್ನು ಇಳಿಸುತ್ತೆ. ಹಾಗಾದರೆ ಹೃದಯಾಘಾತವೂ ಇಳಿಯಬೇಕಲ್ಲ? ಪರೀಕ್ಷಿಸಿ ನೋಡಿದರು. 2006ರಲ್ಲಿ ಹೋಪ್-2 ಅನ್ನೋ ಅಧ್ಯಯನ 5,522 ಜನರಿಗೆ ಸುಮಾರು ಐದು ವರ್ಷ ಕೊಟ್ಟು ನೋಡಿತು. ಹೋಮೋಸಿಸ್ಟೀನ್ ಇಳಿಯಿತು, ಹೃದಯಾಘಾತ ಇಳಿಯಲಿಲ್ಲ. ಪಾರ್ಶ್ವವಾಯು ಸ್ವಲ್ಪ ಕಡಿಮೆಯಾಯಿತು. 2015ರಲ್ಲಿ ಚೀನಾದ ಬಿಪಿ ರೋಗಿಗಳಲ್ಲೂ ಅಂಥದ್ದೇ ಕಂಡಿತು. ಅಲ್ಲಿಗೆ ನಿಂತಿತು. ಕೊಲೆಸ್ಟ್ರಾಲ್ ಬೇರೆಯದೇ ಬಾಬತ್ತು. ಅದನ್ನು ಹೆಚ್ಚಾಗಿ ತಯಾರಿಸೋದು ನಮ್ಮ ಪಿತ್ತಜನಕಾಂಗ, ಸ್ಟ್ಯಾಟಿನ್ ಮಾತ್ರೆ ಆ ತಯಾರಿಕೆಯ ಒಂದು ಹಂತಕ್ಕೆ ಬೀಗ ಹಾಕುತ್ತೆ. ಆ ಬೀಗ ಫೋಲಿಕ್ ಆಸಿಡ್ ಬಳಿ ಇಲ್ಲ.

ಇನ್ನೊಂದು ಅಪಾಯ ಇದೆ. ಬಿ12 ಕೊರತೆ ಇರುವವರು ಫೋಲಿಕ್ ಆಸಿಡ್ ತಿಂದರೆ ರಕ್ತದ ರಿಪೋರ್ಟ್ ಚೆನ್ನಾಗಿ ಕಾಣಿಸಬಹುದು, ಒಳಗೆ ನರಗಳು ಸವೆಯುತ್ತಲೇ ಇರುತ್ತವೆ. ಮೊಟ್ಟೆ, ಮಾಂಸ, ಹಾಲು ಅಪರೂಪವಾದ ಮನೆಗಳಲ್ಲಿ ಬಿ12 ಕೊರತೆ ಸಾಮಾನ್ಯ. ಮೊಟ್ಟೆಯಲ್ಲಿ ಎರಡೂ ಇವೆ, ಬಿ12 ಮತ್ತು ಫೋಲೇಟ್. ನಮ್ಮದೇ ಜಿಲ್ಲೆಯ ಆಲಕೆರೆಯಲ್ಲಿ 2025ರಲ್ಲಿ ಶಾಲೆಯಲ್ಲಿ ಮೊಟ್ಟೆ ಬೇಯಿಸಬಾರದು ಅಂತ ಗಲಾಟೆಯಾಗಿ ಮಕ್ಕಳ ಟೀಸಿ ತೆಗೆಸಿದ್ದು ನೆನಪಿರಬೇಕು. ಬಡವರ ತಟ್ಟೆಯಲ್ಲಿ ಏನಿರಬೇಕು ಅಂತ ತೀರ್ಮಾನಿಸೋಕೆ ಎಲ್ಲರೂ ಬರ್ತಾರೆ. ಏನಿದೆ ಅಂತ ನೋಡೋಕೆ ಬಂದವರು ಕಡಿಮೆ.

ಕರ್ನಾಟಕದಲ್ಲಿ ಇವತ್ತಿಗೂ ಹದಿನೈದರಿಂದ ನಲವತ್ತೊಂಬತ್ತರ ಹೆಂಗಸರಲ್ಲಿ ಸರಿಸುಮಾರು ಅರ್ಧ ಜನಕ್ಕೆ ರಕ್ತ ಕಡಿಮೆ. ಗೆಜ್ಜಲಗೆರೆ ಕಡೆ ಗಾರ್ಮೆಂಟ್ಸ್‌ಗೆ ಬೆಳಗ್ಗೆ ಹೋಗುವ ಬಸ್ಸುಗಳಲ್ಲಿ ನಿಂತಿರೋದು ಅವರೇ. ಬೊಂಬಾಯಿಯ ಗಿರಣಿ ಹೋಗಿ ಗಾರ್ಮೆಂಟ್ಸ್ ಬಂದಿದೆ, ಅಷ್ಟೆ. ಅವರಿಗಾಗಿಯೇ ಇರೋದು ಆ ಕೆಂಪು ಮಾತ್ರೆ: 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಸಿಡ್, ಬಸುರಿಯರಿಗೆ ದಿನಕ್ಕೊಂದು, 180 ದಿನ. ಅದನ್ನು ಮನೆಮನೆಗೆ ಮುಟ್ಟಿಸುವ ಆಶಾ ಕಾರ್ಯಕರ್ತೆಯರು 2025ರ ಜನವರಿಯ ಚಳಿಯಲ್ಲಿ ತಿಂಗಳಿಗೆ 15,000 ರೂಪಾಯಿ ಕೊಡಿ ಅಂತ ಫ್ರೀಡಂ ಪಾರ್ಕಿನಲ್ಲಿ ಮಲಗಿದ್ದರು.

ರಾತ್ರಿ ಊಟಕ್ಕೆ ಕೂತಾಗ ಅವ್ವನಿಗೆ ಲೂಸಿ ಕಥೆ ಹೇಳಿದೆ. ಕೋತಿ ವಿಷಯ ಬಂದಾಗ ನಕ್ಕಳು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, ನಾನು ಹೊಟ್ಟೆಯಲ್ಲಿದ್ದಾಗ ಎಂಟು ತಿಂಗಳವರೆಗೂ ನಾಟಿಗೆ ಹೋಗುತ್ತಿದ್ದದ್ದು, ಒಂದು ದಿನ ಗದ್ದೆಯಲ್ಲೇ ಕಣ್ಣು ಕತ್ತಲೆ ಬಂದು ಬದು ಹಿಡಿದು ಕೂತದ್ದು ಹೇಳಿದಳು. ಇದುವರೆಗೆ ನನಗೆ ಹೇಳಿರಲಿಲ್ಲ. ಕೆಂಪು ಮಾತ್ರೆ ಅಂದರೆ ಅವ್ವನಿಗೆ ಯಾಕೆ ಅಷ್ಟು ಆಸೆ ಅಂತ ಆಗ ಹೊಳೆಯಿತು.

ಮಾರನೇ ದಿನ ಇಬ್ಬರನ್ನೂ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವ್ವನ ಸ್ಟ್ಯಾಟಿನ್ ಮತ್ತೆ ಶುರುವಾಯಿತು, ಬಿ12 ಪರೀಕ್ಷೆಗೂ ರಕ್ತ ಕೊಟ್ಟಳು. ತಮ್ಮನ ಹೆಂಡತಿಗೆ ರಾತ್ರಿ ಊಟ ಆದ ಮೇಲೆ ನುಂಗು, ಟೀ ಜೊತೆ ಬೇಡ, ಮಲ ಕಪ್ಪಾದರೆ ಅದು ಕಬ್ಬಿಣ, ಮಗುವಿನ ಬಣ್ಣಕ್ಕೂ ಅದಕ್ಕೂ ಸಂಬಂಧ ಇಲ್ಲ ಅಂತ ಹೇಳಿದರು. ಈಗ ಕೆಂಪು ಪಟ್ಟಿ ಅವ್ವನ ಕೈಯಲ್ಲೇ ಇದೆ. ರಾತ್ರಿ ಒಂದು ಮುರಿದು ಸೊಸೆ ಕೈಗೆ ಕೊಟ್ಟು, ನುಂಗೋವರೆಗೂ ನೀರಿನ ಚೊಂಬು ಹಿಡಿದು ನಿಂತಿರ್ತಾಳೆ. ನಿನ್ನೆ ಫೋನ್ ಮಾಡಿದಾಗ ಪಟ್ಟಿಯಲ್ಲಿ ನಾಲ್ಕೇ ಉಳಿದಿವೆ, ಸೋಮವಾರ ಆಶಾ ಬರ್ತಾಳೋ ಇಲ್ಲವೋ ಅಂತ ಕೇಳಿಕೊಂಡು ಬರೋಕೆ ತಮ್ಮನನ್ನು ಓಡಿಸಿದ್ದಳು.