ಖಾನಸಾಹೇಬ ಅಬ್ದುಲ್ ಕರೀಮ್ ಖಾನರು

ಹಿಂದುಸ್ತಾನಿ ಸಂಗೀತಕ್ಕೆ ಉತ್ತರ ಕರ್ನಾಟಕವು ತವರುಮನೆಯಿದ್ದಂತೆ ಎಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಸವಾಯಿ ಗಂಧರ್ವರು, ಗಂಗೂಬಾಯಿ ಹಾನಗಲ್ಲರು, ಭೀಮಸೇನ ಜೋಶಿಯವರು, ಬಸವರಾಜ ರಾಜಗುರುಗಳು ಎಂದು ಒಂದೇ ಉಸಿರಿನಲ್ಲಿ ಹೆಸರು ಎಣಿಸುತ್ತೇವೆ. ಆದರೆ ಈ ಬಳ್ಳಿಯ ಬೇರು ಎಲ್ಲಿಯದು ಎಂದು ಯಾರಾದರೂ ಕೇಳಿದರೆ ನಮ್ಮಲ್ಲಿ ಬಹುಮಂದಿ ಸುಮ್ಮನಾಗುತ್ತೇವೆ. ಆ ಬೇರು ದೂರದ ಕಿರಾಣೆಯದು. ಅದನ್ನು ತಂದು ನಮ್ಮ ಎರೆಯ ಮಣ್ಣಿನಲ್ಲಿ ನೆಟ್ಟವರು ಖಾನಸಾಹೇಬ ಅಬ್ದುಲ್ ಕರೀಮ್ ಖಾನರು.

ನಾನು ಸಂಗೀತಶಾಸ್ತ್ರವನ್ನು ಓದಿದವನಲ್ಲ, ಇತಿಹಾಸದ ವಿದ್ಯಾರ್ಥಿ. ಖಾನಸಾಹೇಬರ ಜೀವನದ ಕೊನೆಯ ಭಾಗದಲ್ಲಿ ನಡೆದ ಒಂದು ಸಂಗತಿ ನನ್ನನ್ನು ಅವರ ಕಡೆಗೆ ಎಳೆಯಿತು. ರಾಜಸಭೆಗಳಲ್ಲಿ ತಾಸುಗಟ್ಟಲೆ ಖಯಾಲು ಹಾಡಿ ಮನ್ನಣೆ ಪಡೆದ ಈ ಮಹಾಗಾಯಕರು ಅರುವತ್ತು ದಾಟಿದ ಮೇಲೆ ಗ್ರಾಮಾಫೋನಿನ ಎದುರು ನಿಂತು, ಮೂರು ನಾಲ್ಕು ನಿಮಿಷದ ತಟ್ಟೆಗಳಿಗಾಗಿ ಹಾಡಿದರು. ಅವುಗಳಲ್ಲಿ ಖಯಾಲುಗಳಿದ್ದಂತೆಯೇ ಠುಮರಿಗಳೂ ಇದ್ದವು, ಮರಾಠಿ ನಾಟಕದ ಪದಗಳೂ ಇದ್ದವು. ದೊಡ್ಡವರು ಸಣ್ಣ ಹಾಡಿಗೆ ಇಳಿದರೆ ಅದು ಕಲೆಯ ಅವನತಿಯೆ? ಈ ಪ್ರಶ್ನೆಗೆ ಉತ್ತರ ಅವರ ಚರಿತ್ರೆಯಲ್ಲಿಯೇ ಇದೆಯೆಂದು ನನಗೆ ತೋರಿದೆ.

ಅಬ್ದುಲ್ ಕರೀಮ್ ಖಾನರು 1872ರಲ್ಲಿ ಉತ್ತರ ಹಿಂದುಸ್ತಾನದ ಕಿರಾಣಾ ಎಂಬ ಊರಿನಲ್ಲಿ ಹುಟ್ಟಿದರು. ತಂದೆ ಕಾಲೇಖಾನರು. ಮನೆತನದ ವೃತ್ತಿಯೇ ಸಂಗೀತ. ಹುಡುಗನಿಗೆ ಹಾಡಿಕೆಯ ಜೊತೆಗೆ ಸಾರಂಗಿಯೂ ಬೀನೂ ಕೈವಶವಾದವು. ಮುಂದೆ ಅವರ ಕಂಠದಲ್ಲಿ ಒಂದು ಸ್ವರವು ಇನ್ನೊಂದು ಸ್ವರಕ್ಕೆ ಎಳೆಯೂ ಹರಿಯದಂತೆ ಜಾರಿ ಹೋಗುತ್ತಿದ್ದುದನ್ನು ಕೇಳಿದಾಗ, ಈ ತಂತಿವಾದ್ಯಗಳ ಅಭ್ಯಾಸವೇ ನೆನಪಿಗೆ ಬರುತ್ತದೆ.

ತಾರುಣ್ಯದಲ್ಲಿಯೇ ಅವರಿಗೆ ಬಡೋದೆಯ ಮಹಾರಾಜರ ಆಸ್ಥಾನದಲ್ಲಿ ಆಶ್ರಯ ದೊರೆಯಿತು. ಅಲ್ಲಿ ಸರದಾರ ಮಾನೆಯವರ ಮಗಳು ತಾರಾಬಾಯಿಯವರಿಗೆ ಸಂಗೀತ ಕಲಿಸುವಾಗ ಇಬ್ಬರಲ್ಲಿಯೂ ಪ್ರೇಮ ಹುಟ್ಟಿತು. ಮತ ಬೇರೆ, ಅಂತಸ್ತು ಬೇರೆ. ಮನೆಯವರು ಒಪ್ಪುವ ಮಾತೇ ಇರಲಿಲ್ಲ. ಇಬ್ಬರೂ ಬಡೋದೆಯನ್ನು ಬಿಟ್ಟು ಹೊರಬಿದ್ದರು. ಆಸ್ಥಾನದ ಅನ್ನವನ್ನು ಕಳೆದುಕೊಂಡು ಮುಂಬಯಿಗೆ ಬಂದು, ಆಮೇಲೆ ಮಿರಜನ್ನು ಸೇರಿದರು. ಮಿರಜಿನ ಖ್ವಾಜಾ ಮೀರಾಸಾಹೇಬರ ದರ್ಗಾದ ಮೇಲೆ ಖಾನಸಾಹೇಬರಿಗೆ ಅಪಾರ ಭಕ್ತಿ. ಅಲ್ಲಿಯ ಉರುಸಿನಲ್ಲಿ ಹಾಡುವುದನ್ನು ಅವರು ಸೇವೆಯೆಂದು ತಿಳಿದಿದ್ದರು. ಆ ಸಂಗೀತಸೇವೆಯ ಪದ್ಧತಿ ಅವರ ಹೆಸರಿನೊಡನೆ ಇಂದಿಗೂ ನಡೆದುಬಂದಿದೆ.

ಮಿರಜಿಗೂ ನಮಗೂ ಏನು ಸಂಬಂಧವೆಂದು ಕೇಳಬಹುದು. ಮಿರಜಿನಿಂದ ಬೆಳಗಾವಿಗೆ ಹೋಗುವ ರೈಲು ರಾಯಬಾಗ, ಘಟಪ್ರಭಾ, ಪಾಶ್ಚಾಪುರಗಳನ್ನು ಹಾದೇ ಹೋಗಬೇಕು. ಗೋಕಾಕ, ಹುಕ್ಕೇರಿಗಳ ಜನ ಹತ್ತಿ ಇಳಿಯುವ ದಾರಿ ಅದು. ಮೈಸೂರಿನ ಅರಮನೆಯಿಂದ ಖಾನಸಾಹೇಬರಿಗೆ ಮೇಲಿಂದ ಮೇಲೆ ಕರೆ ಬರುತ್ತಿತ್ತು. ಆ ಆಸ್ಥಾನವು ಅವರಿಗೆ ಸಂಗೀತರತ್ನವೆಂಬ ಬಿರುದನ್ನು ಕೊಟ್ಟಿತು. ಮೈಸೂರಿಗೆ ಹೋಗುವಾಗ ಬರುವಾಗ ಅವರು ಧಾರವಾಡದಲ್ಲಿ ತಂಗುತ್ತಿದ್ದರು. ಹೀಗೆ ನಮ್ಮ ಹೊಲಗಳ ಬದಿಯಲ್ಲಿ ಓಡುವ ಗಾಡಿಯೇ ಕಿರಾಣೆಯ ಗಾಯನವನ್ನು ಕನ್ನಡ ನಾಡಿಗೆ ತಂದಿತು ಎಂದರೆ ತಪ್ಪಾಗಲಾರದು.

ಈ ಪಯಣಗಳಿಂದ ನಮಗೆ ದೊರೆತ ದೊಡ್ಡ ಫಲವೆಂದರೆ ಕುಂದಗೋಳದ ರಾಮಭಾವು. 1886ರಲ್ಲಿ ಹುಟ್ಟಿದ ಈ ಹುಡುಗ ಖಾನಸಾಹೇಬರ ಗಾಯನಕ್ಕೆ ಮರುಳಾಗಿ ಅವರ ಶಿಷ್ಯನಾದ. ಆ ಕಾಲದ ಗುರುಗಳು ವಿದ್ಯೆಯನ್ನು ಮನೆಯ ಮಕ್ಕಳಿಗೆ ಕೊಟ್ಟಾರು ಹೊರತು ಹೊರಗಿನವರಿಗೆ ಸುಲಭವಾಗಿ ಕೊಡುತ್ತಿರಲಿಲ್ಲ. ಖಾನಸಾಹೇಬರು ಹಾಗಲ್ಲ. ಕಿರಾಣೆಯ ಮುಸಲ್ಮಾನ ಗುರು ಕುಂದಗೋಳದ ಬ್ರಾಹ್ಮಣ ಹುಡುಗನನ್ನು ತಮ್ಮೊಡನೆ ಇಟ್ಟುಕೊಂಡು ವರ್ಷಗಟ್ಟಲೆ ಸ್ವರ ತಿದ್ದಿದರು. ಆದರೆ ಕಲಿತ ಶಿಷ್ಯ ನಾಟಕ ಕಂಪನಿಯನ್ನು ಸೇರಿದ. ರಂಗಭೂಮಿಯಲ್ಲಿ ಅವನು ಪಡೆದ ಹೆಸರೇ ಸವಾಯಿ ಗಂಧರ್ವ. ಇಷ್ಟು ಕಷ್ಟಪಟ್ಟು ಕಲಿಸಿದ ಖಯಾಲಿನ ವಿದ್ಯೆ ಬಣ್ಣದ ಬೆಳಕಿಗೆ ಹೋದುದು ಗುರುವಿಗೆ ಹಿಡಿಸಲಿಲ್ಲ. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಇದು ಮತ್ತೆ ಬರುತ್ತದೆ.

1913ರಲ್ಲಿ ಖಾನಸಾಹೇಬರು ಪುಣೆಯಲ್ಲಿ ಆರ್ಯ ಸಂಗೀತ ವಿದ್ಯಾಲಯವನ್ನು ತೆರೆದರು. ಬಡ ಹುಡುಗರು ಅಲ್ಲಿಯೇ ಉಂಡು, ಅಲ್ಲಿಯೇ ಮಲಗಿ ಕಲಿಯುತ್ತಿದ್ದರು. ಶಾಲೆ ನಡೆಯಬೇಕಾದರೆ ಹಣ ಬೇಕು; ಅದಕ್ಕಾಗಿ ಟಿಕೀಟಿನ ಜಲಸೆಗಳಾದವು. ಒಂದು ನಾಯಿಗೆ ಸ್ವರಕ್ಕೆ ಸ್ವರ ಕೂಡಿಸಲು ಕಲಿಸಿ ಜನರ ಮುಂದೆ ತೋರಿಸಿದ್ದೂ ಉಂಟು. ಮಡಿವಂತ ಸಂಗೀತಗಾರರು ಇದನ್ನು ಕಂಡು ಮೂಗು ಮುರಿದಿರಬೇಕು. ಆದರೆ ಅದೇ ಮನುಷ್ಯ ಸಾಂಗಲಿಯ ದೇವಲರು, ಕ್ಲೆಮೆಂಟ್ಸ್ ಎಂಬ ಇಂಗ್ಲಿಷ್ ನ್ಯಾಯಾಧೀಶರು ಇವರೊಡನೆ ಕುಳಿತು ಇಪ್ಪತ್ತೆರಡು ಶ್ರುತಿಗಳ ಸೂಕ್ಷ್ಮವನ್ನು ತಂಬೂರಿಯ ಮೇಲೆ, ಕಂಠದಲ್ಲಿ ತೋರಿಸಿಕೊಡುತ್ತಿದ್ದರು. ಸಂತೆಯ ಜನಕ್ಕೆ ನಾಯಿಯ ಆಟ, ವಿದ್ವಾಂಸರಿಗೆ ಶ್ರುತಿಯ ಪಾಠ. ಎರಡೂ ಒಬ್ಬರಲ್ಲಿಯೇ ಇದ್ದವು. ಸಂಗೀತ ಎಲ್ಲರ ಮನೆಗೂ ಹೋಗಬೇಕೆಂಬ ಹಂಬಲ ಅವರಿಗೆ ಮುಪ್ಪಿನಲ್ಲಿ ಬಂದ ಚಪಲವಲ್ಲವೆಂಬುದು ಇದರಿಂದ ತಿಳಿಯುತ್ತದೆ.

ಹೊರಗೆ ಕೀರ್ತಿ ಬೆಳೆಯುತ್ತಿದ್ದರೂ ಮನೆಯಲ್ಲಿ ಬಿರುಕು ಬಿಟ್ಟಿತು. ಸುಮಾರು 1922ರ ಹೊತ್ತಿಗೆ ತಾರಾಬಾಯಿಯವರು ಐವರು ಮಕ್ಕಳನ್ನು ಕರೆದುಕೊಂಡು ಬೇರೆಯಾದರು. ಮಕ್ಕಳು ತಂದೆಯ ಹೆಸರನ್ನು ಬಿಟ್ಟು ಬೇರೆ ಹೆಸರುಗಳಿಂದ ಲೋಕಕ್ಕೆ ಪರಿಚಿತರಾದರು. ಹಿರಿಯ ಮಗ ಅಬ್ದುಲ್ ರಹಮಾನನು ಸುರೇಶಬಾಬು ಮಾನೆಯಾದನು. ಚಂಪಾಕಲಿಯು ಹೀರಾಬಾಯಿ ಬಡೋದೇಕರಳಾದಳು. ಸಕೀನಾ ಸರಸ್ವತಿ ರಾಣೆಯಾದಳು. ಮೂವರೂ ದೇಶವೇ ಮೆಚ್ಚುವ ಗಾಯಕರಾದರು. ತಂದೆಯ ಎರಡನೆಯ ಸರದಿಯ ತಟ್ಟೆಗಳು ಬರುವ ಮೊದಲೇ ಹೀರಾಬಾಯಿಯವರ ತಟ್ಟೆಗಳು ಮನೆಮನೆಯಲ್ಲಿ ಹಾಡತೊಡಗಿದ್ದವು. ತಾನು ಹೆತ್ತ ಮಗಳ ದನಿಯನ್ನು ಬೇರೆಯವರ ಮನೆಯ ಯಂತ್ರದಿಂದ ಕೇಳಬೇಕಾದ ತಂದೆಯ ಸ್ಥಿತಿಯನ್ನು ಸಹೃದಯರು ಊಹಿಸಿಕೊಳ್ಳಬಲ್ಲರು.

ಎರಡನೆಯ ಸರದಿ ಎಂದೆನಷ್ಟೆ. ಖಾನಸಾಹೇಬರು ಮೊದಲು ಗ್ರಾಮಾಫೋನಿಗೆ ಹಾಡಿದ್ದು ಸುಮಾರು 1905ರಲ್ಲಿ. ಆಗ ಧ್ವನಿಮುದ್ರಣಕ್ಕೆ ವಿದ್ಯುತ್ತು ಇರಲಿಲ್ಲ. ಒಂದು ದೊಡ್ಡ ತುತ್ತೂರಿಯ ಬಾಯೊಳಗೆ ಮುಖವಿಟ್ಟು ಗಾಯಕನು ಗಟ್ಟಿಯಾಗಿ ಹಾಡಬೇಕು. ಆ ದನಿಯ ಬಲದಿಂದಲೇ ಸೂಜಿ ಅಲುಗಿ ಮೇಣದ ಮೇಲೆ ಗೆರೆ ಕೊರೆಯಬೇಕು. ಗಂಟಲು ದೊಡ್ಡದಿದ್ದವರಿಗೆ ಅದು ಅನುಕೂಲ. ಖಾನಸಾಹೇಬರದಾದರೋ ತೆಳುವಾದ, ಮೃದುವಾದ, ಎಣ್ಣೆಯ ಧಾರೆಯಂಥ ದನಿ. 1925ರಿಂದ ಈಚೆಗೆ ಮೈಕು ಬಂದಿತು. ಪಿಸುಮಾತನ್ನೂ ಹಿಡಿಯಬಲ್ಲ ಆ ಉಪಕರಣದ ಎದುರು ಕೂಗುವ ಅವಶ್ಯಕತೆಯೇ ಉಳಿಯಲಿಲ್ಲ. 1930ರ ದಶಕದ ನಡುವಿನಲ್ಲಿ ಖಾನಸಾಹೇಬರು ಓಡಿಯನ್, ಕೊಲಂಬಿಯಾ ತಟ್ಟೆಗಳಿಗೆ ಹಾಡಿದರು. ಯೌವನದಲ್ಲಿ ಯಂತ್ರಕ್ಕೆ ಸಿಕ್ಕದ ದನಿ ವೃದ್ಧಾಪ್ಯದಲ್ಲಿ ಸಿಕ್ಕಿತು.

ಅವರು ಹಾಡಿದ್ದಾದರೂ ಏನು? ವಸಂತ, ಮಾಲಕಂಸ, ಮಾರವಾ ಮೊದಲಾದ ರಾಗಗಳ ಖಯಾಲುಗಳಿವೆ. ಝಿಂಝೋಟಿ, ಭೈರವಿ, ತಿಲಂಗಗಳ ಠುಮರಿಗಳಿವೆ. ಖರಹರಪ್ರಿಯ ರಾಗದಲ್ಲಿ ತ್ಯಾಗರಾಜರ ಒಂದು ಕೃತಿಯಿದೆ. ಉತ್ತರಾದಿಯ ಉಸ್ತಾದರೊಬ್ಬರು ದಕ್ಷಿಣಾದಿಯ ಕೃತಿಯನ್ನು ಕಲಿತು ಹಾಡುವುದು ಆ ಕಾಲಕ್ಕೆ ಬಲು ಅಪರೂಪ. ಇವುಗಳ ಜೊತೆಗೆ, 1911ರಲ್ಲಿ ರಂಗವನ್ನೇರಿದ ಖಾಡಿಲಕರರ ಮಾನಾಪಮಾನ ನಾಟಕದ ಪದವೂ ಇದೆ. ಶಿಷ್ಯನು ನಾಟಕಕ್ಕೆ ಹೋದಾಗ ಅಸಮಾಧಾನಪಟ್ಟ ಗುರು ಕೊನೆಗೆ ತಾವೇ ನಾಟಕದ ಪದ ಹಾಡಿದರು! ಇದನ್ನು ಸೋಲೆಂದು ಕೆಲವರು ಎಣಿಸಬಹುದು. ನನಗೆ ಹಾಗೆನಿಸುವುದಿಲ್ಲ. ಪದ ನಾಟಕದ್ದಾದರೂ ಶ್ರುತಿ ಕೂದಲೆಳೆಯಷ್ಟೂ ಸರಿದಿಲ್ಲ, ರಾಗದ ಮರ್ಯಾದೆ ತಪ್ಪಿಲ್ಲ. ಮೂರು ತಾಸಿನ ಬೈಠಕ್ಕಿಗೆ ಕೊಡುತ್ತಿದ್ದ ಶ್ರದ್ಧೆಯನ್ನೇ ಮೂರು ನಿಮಿಷದ ಪದಕ್ಕೂ ಕೊಟ್ಟಿದ್ದಾರೆ.

ಇದರ ಬಗ್ಗೆ ಹುಕ್ಕೇರಿಯಲ್ಲಿ ನಮ್ಮ ಬಂಧುಗಳಲ್ಲಿಯೇ ನಡೆದ ಒಂದು ವಾದವನ್ನು ನಾನು ಕೇಳಿದ್ದೇನೆ. ನನ್ನ ಸೋದರಮಾವನವರಿಗೆ ಶಾಸ್ತ್ರೀಯ ಸಂಗೀತದ ಹುಚ್ಚು. ದೊಡ್ಡ ಗವಾಯಿಗಳು ತಟ್ಟೆಯ ಕಂಪನಿಗಾಗಿ ಬಿಡಿ ಹಾಡು ಹಾಡಿದ್ದೆಲ್ಲ ಹೊಟ್ಟೆಪಾಡು, ಅದನ್ನು ಲೆಕ್ಕಕ್ಕೆ ಹಿಡಿಯಬಾರದು ಎಂದು ಅವರ ಪಕ್ಷ. ಮೂಡಲಗಿಯ ನಮ್ಮ ಅಜ್ಜನವರು ಅದನ್ನು ಒಪ್ಪಲಿಲ್ಲ. ಅಜ್ಜ ಚಿಕ್ಕವರಿದ್ದಾಗ ಮೂಡಲಗಿಯು ಗೋಕಾಕ ತಾಲೂಕಿನ ಒಂದು ಊರು. ಅಲ್ಲಿ ಯಾವ ಉಸ್ತಾದರ ಬೈಠಕ್ಕು ನಡೆದೀತು? ನಡೆದರೂ ನೇಕಾರರ, ಒಕ್ಕಲಿಗರ ಮಕ್ಕಳನ್ನು ಮುಂದಿನ ಜಮಖಾನೆಯ ಮೇಲೆ ಯಾರು ಕೂಡ್ರಿಸಿಯಾರು? ಮನೆಯಲ್ಲಿ ಕೀಲಿ ಕೊಡುವ ಒಂದು ಗ್ರಾಮಾಫೋನು ಇತ್ತಂತೆ. ಸಂಜೆ ಓಣಿಯ ಹುಡುಗರೆಲ್ಲ ಪಡಸಾಲೆಯಲ್ಲಿ ಸೇರುತ್ತಿದ್ದರಂತೆ. ಖಾನಸಾಹೇಬರ ಝಿಂಝೋಟಿಯ ಠುಮರಿ ಶುರುವಾದರೆ ಗದ್ದಲ ಮಾಡುವ ಹುಡುಗರೂ ಸುಮ್ಮನಾಗುತ್ತಿದ್ದರಂತೆ. ಅರ್ಥ ಯಾರಿಗೂ ಆಗುತ್ತಿರಲಿಲ್ಲ. ದನಿ ಮಾತ್ರ ಎಲ್ಲರಿಗೂ ಆಗುತ್ತಿತ್ತು. ಆ ತಟ್ಟೆ ಇಲ್ಲದಿದ್ದರೆ ತಮ್ಮ ಪಾಲಿಗೆ ಖಾನಸಾಹೇಬರೇ ಇರುತ್ತಿರಲಿಲ್ಲ ಎಂಬುದು ಅಜ್ಜನವರ ಕೊನೆಯ ಮಾತು. ಮಾವನವರು ಮರುಮಾತಾಡಲಿಲ್ಲ.

ಅಜ್ಜನವರ ಅನುಭವ ಅವರೊಬ್ಬರದೇ ಅಲ್ಲ. ಗದುಗಿನಲ್ಲಿ ಬೆಳೆಯುತ್ತಿದ್ದ ಭೀಮಸೇನ ಜೋಶಿಯೆಂಬ ಹುಡುಗನು ಖಾನಸಾಹೇಬರ ತಟ್ಟೆಯನ್ನು ಕೇಳಿ, ಹಾಗೆ ಹಾಡುವುದನ್ನು ಕಲಿಯಬೇಕೆಂದು ಮನೆ ಬಿಟ್ಟು ಓಡಿಹೋದ ಕಥೆ ಎಲ್ಲರಿಗೂ ಗೊತ್ತು. ಊರೂರು ಅಲೆದ ಆ ಹುಡುಗ ಕಡೆಗೆ ಕುಂದಗೋಳಕ್ಕೆ ಬಂದು ಸವಾಯಿ ಗಂಧರ್ವರಲ್ಲಿ ಶಿಷ್ಯನಾದನು. ಮುಂದೆ ಭಾರತರತ್ನ ಪಡೆದ ಆ ಗಾಯಕರು ಖಯಾಲಿನ ಜೊತೆಗೆ ದಾಸರ ಪದಗಳನ್ನೂ ಅಭಂಗಗಳನ್ನೂ ಹಾಡಿ, ಬೈಠಕ್ಕಿನ ಮುಖ ಕಾಣದವರ ಮನೆಗೂ ರಾಗವನ್ನು ಮುಟ್ಟಿಸಿದರು. ಅಜ್ಜ ಗುರುವಿನ ದಾರಿಯನ್ನೇ ಮೊಮ್ಮಗ ಶಿಷ್ಯರು ಹಿಡಿದರು. ಒಂದು ಬಿಡಿ ತಟ್ಟೆ ಅವನತಿಯ ಗುರುತಾಗಿದ್ದರೆ ಅದರಿಂದ ಇಂಥ ಬೆಳೆ ಬರುತ್ತಿತ್ತೆ?

ತಟ್ಟೆಗಳು ಊರೂರು ತಿರುಗತೊಡಗಿದ ಕೆಲವೇ ವರ್ಷಗಳಲ್ಲಿ ಖಾನಸಾಹೇಬರ ಆಯುಷ್ಯ ಮುಗಿಯಿತು. 1937ರ ಅಕ್ಟೋಬರಿನಲ್ಲಿ ಅವರು ದಕ್ಷಿಣದ ಪ್ರವಾಸದಲ್ಲಿದ್ದರು. ಮದ್ರಾಸಿನಲ್ಲಿ ಹಾಡಿ, ಅರವಿಂದಾಶ್ರಮಕ್ಕೆಂದು ಪಾಂಡಿಚೇರಿಯ ಕಡೆಗೆ ಹೊರಟಿದ್ದರು. ಗಾಡಿಯಲ್ಲಿ ಮೈಯಲ್ಲಿ ಸರಿಯಿಲ್ಲವೆನಿಸಿ ಸಿಂಗಪೆರುಮಾಳ್ ಕೋಯಿಲ್ ಎಂಬ ಸಣ್ಣ ಠಾಣೆಯಲ್ಲಿ ಇಳಿದುಬಿಟ್ಟರು. ಪ್ಲಾಟ್‌ಫಾರ್ಮಿನ ಮೇಲೆ ಹಾಸಿಗೆ ಹಾಸಿ ಕುಳಿತು, ತಂಬೂರಿ ಶ್ರುತಿ ಮಾಡಿಸಿ, ದರಬಾರಿ ರಾಗದಲ್ಲಿ ದೇವರ ಪ್ರಾರ್ಥನೆ ಮಾಡಿದರು. ಹಾಡುತ್ತ ಹಾಡುತ್ತಲೇ ಒರಗಿದರು. ಅಂದು 27ನೆಯ ತಾರೀಖು. ಆ ಕೊನೆಯ ಬೈಠಕ್ಕಿಗೆ ಅರಸರೂ ಇರಲಿಲ್ಲ, ಬಿರುದುಗಳೂ ಇರಲಿಲ್ಲ. ಜೊತೆಗಿದ್ದ ಶಿಷ್ಯರು ಮಾತ್ರ. ದೇಹವನ್ನು ಮಿರಜಿಗೆ ತಂದು ಅವರು ನೆಚ್ಚಿದ್ದ ದರ್ಗಾದ ಆವರಣದಲ್ಲಿಯೇ ಮಣ್ಣು ಮಾಡಲಾಯಿತು.

ಇಂದು ಆ ತಟ್ಟೆಗಳ ದನಿಯನ್ನು ಕೇಳಲು ಗ್ರಾಮಾಫೋನು ಬೇಕಿಲ್ಲ. ನಮ್ಮ ಕಿಸೆಯ ಫೋನಿನಲ್ಲಿಯೇ ದೊರೆಯುತ್ತದೆ. ಸರಸರ ಸಪ್ಪಳದ ನಡುವಿನಿಂದ ಆ ತೆಳುವಾದ ದನಿ ಏಳುತ್ತದೆ. ಮುಪ್ಪಿನ ದನಿಯೆಂದು ಮೊದಲು ತಿಳಿಯುತ್ತದೆ, ಆಮೇಲೆ ಅದು ಮರೆತುಹೋಗುತ್ತದೆ. ಪದವಿ ಪಡೆದ ಮೇಲೆ ನಮ್ಮಲ್ಲಿ ಕೆಲವರು ಹಳ್ಳಿಯ ಶಾಲೆಯಲ್ಲಿ ಒಂದನೆಯ ಇಯತ್ತೆಗೆ ಕಲಿಸಬೇಕಾದೀತು, ಕೆಲವರು ಸಣ್ಣ ಕಚೇರಿಯಲ್ಲಿ ಅರ್ಜಿ ಬರೆಯಬೇಕಾದೀತು. ಇಷ್ಟು ಓದಿ ಇಂಥ ಸಣ್ಣ ಕೆಲಸವೆ ಎಂದು ಅಂದು ಬೇಸರ ಬಂದರೆ, ಅರುವತ್ತು ದಾಟಿದ ಮೇಲೆ ಮೂರು ನಿಮಿಷದ ಪದಕ್ಕೂ ತಂಬೂರಿಯನ್ನು ಸರಿಯಾಗಿ ಶ್ರುತಿ ಮಾಡಿಕೊಂಡು ಕುಳಿತ ಈ ಹಿರಿಯರನ್ನು ನೆನೆಯೋಣ. ಸಣ್ಣದಾಗಿ ಮಾಡಿದ ಕೆಲಸ ಉಂಟು. ಸಣ್ಣ ಕೆಲಸವೆಂಬುದು ಇಲ್ಲ.