ಗುಮ್ಮಟದ ಕೆಳಗೆ ನಕ್ಷತ್ರಲೋಕ

ಜರ್ಮನಿಯ ಮ್ಯೂನಿಕ್ ನಗರದಲ್ಲಿ ವಿಜ್ಞಾನಕ್ಕೂ ಯಂತ್ರಕಲೆಗೂ ಮೀಸಲಾದ ದೊಡ್ಡ ವಸ್ತುಸಂಗ್ರಹಾಲಯವೊಂದಿದೆ. ಅದರ ಸ್ಥಾಪಕನಾದ ಆಸ್ಕರ್ ಫಾನ್ ಮಿಲ್ಲರ್ 1913ರ ಸುಮಾರಿನಲ್ಲಿ ಯೇನಾ ಪಟ್ಟಣದ ಕಾರ್ಲ್ ಜೈಸ್ ಕಾರ್ಖಾನೆಯ ಮುಂದೆ ವಿಚಿತ್ರವಾದ ಬೇಡಿಕೆಯೊಂದನ್ನು ಇಟ್ಟನು. ಹಗಲಾಗಲಿ ಮೋಡವಾಗಲಿ ಅಡ್ಡಿಬಾರದಂತೆ, ಜನರು ಕುಳಿತಲ್ಲಿಯೇ ಗ್ರಹನಕ್ಷತ್ರಗಳ ಚಲನೆಯನ್ನು ನೋಡುವ ಸಾಧನ ಅವನಿಗೆ ಬೇಕಾಗಿತ್ತು. ಈ ಹೊಣೆ ಕೊನೆಗೆ ಬಿದ್ದುದು ವಾಲ್ಟರ್ ಬಾವರ್ಸ್‌ಫೆಲ್ಡನ ಹೆಗಲ ಮೇಲೆ.

ಬಾವರ್ಸ್‌ಫೆಲ್ಡ್ 1879ರ ಜನವರಿ 23ರಂದು ಬರ್ಲಿನ್ನಿನಲ್ಲಿ ಜನಿಸಿದನು. ಅವನು ಓದಿದ್ದು ಯಂತ್ರಶಿಲ್ಪವನ್ನೇ ಹೊರತು ಖಗೋಳಶಾಸ್ತ್ರವನ್ನಲ್ಲ. 1905ರಲ್ಲಿ ಜೈಸ್ ಕಾರ್ಖಾನೆಯನ್ನು ಸೇರಿ, ಮೂರೇ ವರ್ಷಗಳಲ್ಲಿ ಅದರ ಆಡಳಿತ ಮಂಡಲಿಯ ಸದಸ್ಯನಾದನೆಂದರೆ ಅವನ ಸಾಮರ್ಥ್ಯವನ್ನು ಊಹಿಸಬಹುದು.

ಮೊದಲಿಗೆ ಎಲ್ಲರೂ ಯೋಚಿಸಿದ್ದು ತಿರುಗುವ ದೊಡ್ಡ ತಗಡಿನ ಗೋಳವನ್ನು. ಗೋಳದಲ್ಲಿ ರಂಧ್ರಗಳನ್ನು ಕೊರೆದು, ಹೊರಗಿನ ಬೆಳಕು ನಕ್ಷತ್ರಗಳಂತೆ ಒಳಗೆ ಹೊಳೆಯುವಂತೆ ಮಾಡುವುದು ಉದ್ದೇಶ. ಆದರೆ ಹತ್ತಾರು ಜನ ಒಳಗೆ ಕೂರುವಷ್ಟು ದೊಡ್ಡ ಗೋಳವನ್ನು ತಿರುಗಿಸುವುದೆಂದರೆ ಸಾಮಾನ್ಯವೇ? ಗ್ರಹಗಳ ಚಲನೆಯಂತೂ ಇನ್ನೂ ತೊಡಕಿನದು. ಅಷ್ಟರಲ್ಲಿ 1914ರ ಮಹಾಯುದ್ಧ ಬಂದು ಕೆಲಸ ನಿಂತುಹೋಯಿತು.

ಯುದ್ಧ ಮುಗಿದ ಮೇಲೆ, 1919ರಲ್ಲಿ, ಬಾವರ್ಸ್‌ಫೆಲ್ಡ್ ಇಡೀ ಯೋಜನೆಯನ್ನು ತಲೆಕೆಳಗು ಮಾಡಿದನು. ಗುಮ್ಮಟವು ಸ್ಥಿರವಾಗಿರಲಿ, ನಡುವೆ ಚಿಕ್ಕ ಯಂತ್ರವೊಂದು ತಿರುಗುತ್ತ, ಗುಮ್ಮಟದ ಬಿಳಿಯ ಒಳಮೈಯ ಮೇಲೆ ನಕ್ಷತ್ರಗಳ ಬಿಂಬವನ್ನು ಬೀರಲಿ. ಇದೇ ಅವನ ಸೂತ್ರ. ಹೇಳುವುದಕ್ಕೆ ಸುಲಭವಾದ ಈ ಮಾತನ್ನು ಮಾಡಿ ತೋರಿಸಲು ವರ್ಷಗಳೇ ಹಿಡಿದುವು. ದೇಶ ಸೋತಿತ್ತು, ಹಣದ ಬೆಲೆ ದಿನದಿನಕ್ಕೆ ಕುಸಿಯುತ್ತಿತ್ತು; ಅಂಥ ಕಾಲದಲ್ಲಿ ಅವನೂ ಅವನ ಸಂಗಡಿಗರೂ ನೂರಾರು ಪುಟಗಳ ಲೆಕ್ಕ ಹಾಕುತ್ತ ಕುಳಿತಿದ್ದರು.

ಯಂತ್ರದ ಗೋಳದ ನಡುವೆ ಪ್ರಖರವಾದ ಒಂದು ದೀಪ. ಸುತ್ತಲೂ 31 ಮಸೂರದ ಕೊಳವೆಗಳು. ಪ್ರತಿಯೊಂದರಲ್ಲಿಯೂ ಆಕಾಶದ ಒಂದೊಂದು ಭಾಗದ ಚಿತ್ರ. ಹೆಚ್ಚು ಹೊಳೆಯುವ ತಾರೆಗೆ ದೊಡ್ಡ ಚುಕ್ಕೆ, ಮಂಕಾದುದಕ್ಕೆ ಚಿಕ್ಕದು. ಎಲ್ಲ ಭಾಗಗಳೂ ಅಂಚಿಗೆ ಅಂಚು ಕೂಡಿ ಒಂದೇ ಆಕಾಶವಾಗಬೇಕು. ಗ್ರಹಗಳದು ಬೇರೆ ಏರ್ಪಾಡು. ಒಂದು ಹಲ್ಲುಚಕ್ರ ಭೂಮಿಯಂತೆ, ಇನ್ನೊಂದು ಮಂಗಳನಂತೆ ಸುತ್ತುತ್ತದೆ. ಇವೆರಡನ್ನು ಕೂಡಿಸುವ ಸರಳು ಭೂಮಿಯಿಂದ ಮಂಗಳ ಕಾಣುವ ದಿಕ್ಕನ್ನೇ ಸದಾ ತೋರುವುದರಿಂದ, ಅದರೊಡನೆ ತಿರುಗುವ ಪುಟ್ಟ ದೀಪವು ಮಂಗಳನ ಬಿಂಬವನ್ನು ಸರಿಯಾದ ಸ್ಥಳದಲ್ಲಿ ಬೀರುತ್ತದೆ. ನಮ್ಮ ಪಂಚಾಂಗದವರು ವಕ್ರಗತಿ ಎನ್ನುವ ಹಿಂಚಲನೆಯೂ ತಾನಾಗಿಯೇ ಮೂಡಿಬರುತ್ತದೆ. ಯಂತ್ರಶಿಲ್ಪಿಯ ಜಾಣ್ಮೆ ಇರುವುದು ಇಲ್ಲಿಯೇ.

ಯಂತ್ರವನ್ನು ಪರೀಕ್ಷಿಸಲು ಗುಮ್ಮಟ ಬೇಕಷ್ಟೆ? ಕಾರ್ಖಾನೆಯ ಮಾಳಿಗೆಯ ಮೇಲೆ ತೆಳುವಾದ ಕಬ್ಬಿಣದ ಸರಳುಗಳನ್ನು ತ್ರಿಕೋನಗಳಾಗಿ ಹೆಣೆದು, ಕಾಂಕ್ರೀಟಿನ ಲೇಪ ಕೊಟ್ಟು, 16 ಮೀಟರ್ ವ್ಯಾಸದ ಗುಮ್ಮಟವನ್ನು ನಿಲ್ಲಿಸಿದರು. ಅದರ ದಪ್ಪ ಕೇವಲ 3 ಸೆಂಟಿಮೀಟರ್. ಗಾತ್ರಕ್ಕೆ ಹೋಲಿಸಿದರೆ ಕೋಳಿಮೊಟ್ಟೆಯ ಚಿಪ್ಪೂ ಅದಕ್ಕಿಂತ ದಪ್ಪವೇ. 1923ರ ಆಗಸ್ಟಿನಲ್ಲಿ ಅಲ್ಲಿ ಮೊದಲ ಕೃತಕ ನಕ್ಷತ್ರಗಳು ಬೆಳಗಿದುವು. ಅದೇ ಅಕ್ಟೋಬರ್ 21ರಂದು ಮ್ಯೂನಿಕ್ಕಿನಲ್ಲಿ ಪ್ರದರ್ಶನವಾಯಿತು. 1925ರ ಮೇ 7ರಂದು ಯಂತ್ರವು ಅಲ್ಲಿ ಸಾರ್ವಜನಿಕರಿಗೆ ಲಭ್ಯವಾಯಿತು.

ಈ ಮೊದಲ ಯಂತ್ರಕ್ಕೆ ಒಂದು ಮಿತಿಯಿತ್ತು. ಅದು ತೋರುತ್ತಿದ್ದುದು ಮ್ಯೂನಿಕ್ಕಿನ ಆಕಾಶವನ್ನು ಮಾತ್ರ, ಸುಮಾರು 4,500 ನಕ್ಷತ್ರಗಳನ್ನು. ಧ್ರುವನಕ್ಷತ್ರವು ದಿಗಂತದಿಂದ ಎಷ್ಟು ಎತ್ತರದಲ್ಲಿ ಕಾಣುವುದೆಂಬುದು ಆಯಾ ಸ್ಥಳದ ಅಕ್ಷಾಂಶವನ್ನು ಅವಲಂಬಿಸಿದೆ. ಮ್ಯೂನಿಕ್ಕಿನಲ್ಲಿ ಅದು ಸುಮಾರು 48 ಡಿಗ್ರಿ ಮೇಲಿದೆ. ಚಾಮರಾಜನಗರದಿಂದ ಗುಂಡ್ಲುಪೇಟೆಯ ಕಡೆಗಿರುವ ಹರವೆಯಲ್ಲಿ ನಿಂತು ನೋಡಿದರೆ ಸುಮಾರು 12 ಡಿಗ್ರಿ ಮಾತ್ರ. ಮರಗಳ ತಲೆಯ ಮೇಲೆಯೇ ಇದ್ದಂತೆ ತೋರುತ್ತದೆ. ಅದೇ ಹರವೆಯವರಿಗೆ ಮಾಘಮಾಸದ ಇರುಳಿನಲ್ಲಿ ದಕ್ಷಿಣಕ್ಕೆ ಉಜ್ವಲವಾಗಿ ಕಾಣುವ ಅಗಸ್ತ್ಯ ನಕ್ಷತ್ರ ಮ್ಯೂನಿಕ್ಕಿನಲ್ಲಿ ಎಂದೂ ಉದಯಿಸುವುದಿಲ್ಲ. ಆದುದರಿಂದ ಮುಂದಿನ ಯಂತ್ರಕ್ಕೆ ಎರಡು ತುದಿಗಳಲ್ಲಿ ಎರಡು ಗೋಳಗಳು ಬಂದುವು: ಒಂದು ಉತ್ತರದ ಆಕಾಶಕ್ಕೆ, ಇನ್ನೊಂದು ದಕ್ಷಿಣದ ಆಕಾಶಕ್ಕೆ. ಇದರ ರಚನೆಯಲ್ಲಿ ವಾಲ್ಟರ್ ವಿಲ್ಲಿಗರ್ ಎಂಬ ಸಹೋದ್ಯೋಗಿಯ ಪಾತ್ರ ಹಿರಿದು. ಯಂತ್ರವನ್ನು ಬೇಕಾದಷ್ಟು ಓರೆ ಮಾಡಿದರೆ ಭೂಮಿಯ ಯಾವ ಊರಿನ ಆಕಾಶವಾದರೂ ಮೂಡುತ್ತಿತ್ತು.

ಇಂಥ ಯಂತ್ರವನ್ನು ನಡೆಸುವವನು ದೀಪಗಳನ್ನು ಒಮ್ಮೆಲೇ ಆರಿಸುವುದಿಲ್ಲ. ಕಣ್ಣು ಕತ್ತಲೆಗೆ ಹೊಂದಿಕೊಳ್ಳಲೆಂದು ಸಂಜೆಯಂತೆ ಮೆಲ್ಲಮೆಲ್ಲನೆ ಮಂಕು ಮಾಡುತ್ತಾನೆ. ಬಳಿಕ ಒಂದು ಗುಂಡಿಯಿಂದ ದಿನದ ಚಲನೆ, ಇನ್ನೊಂದರಿಂದ ವರ್ಷದ ಚಲನೆ. ಒಂದು ಇಡೀ ರಾತ್ರಿ ಕೆಲವೇ ನಿಮಿಷಗಳಲ್ಲಿ ಕಳೆದುಹೋಗುತ್ತದೆ. ಬೆಳಕಿನ ಬಾಣದಿಂದ ತಾರೆಗಳನ್ನು ತೋರಿಸಿ ವಿವರಿಸುತ್ತಾನೆ. 1989ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಜವಾಹರಲಾಲ್ ನೆಹರೂ ತಾರಾಲಯದಲ್ಲಿ ಸ್ಥಾಪಿಸಿದುದೂ ಜೈಸ್ ಯಂತ್ರವನ್ನೇ.

ಬಾವರ್ಸ್‌ಫೆಲ್ಡನ ಮುಪ್ಪು ನೆಮ್ಮದಿಯದಾಗಿರಲಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಜರ್ಮನಿಯ ಹಲವು ತಾರಾಲಯಗಳು ನಾಶವಾದುವು. 1945ರಲ್ಲಿ ಯೇನಾ ಪಟ್ಟಣ ಸೋವಿಯತ್ ಸೇನೆಯ ವಶವಾಗುವ ಮೊದಲು, ಅಮೆರಿಕದ ಸೇನೆಯವರು ಕಾರ್ಖಾನೆಯ ಪ್ರಮುಖರನ್ನು ಪಶ್ಚಿಮಕ್ಕೆ ಸಾಗಿಸಿದರು. ನಲವತ್ತು ವರ್ಷ ದುಡಿದ ಊರನ್ನು ಬಿಟ್ಟು ಹೊರಟವರಲ್ಲಿ ಅರುವತ್ತಾರು ವರ್ಷದ ಬಾವರ್ಸ್‌ಫೆಲ್ಡನೂ ಒಬ್ಬ. ಜೈಸ್ ಸಂಸ್ಥೆ ಎರಡಾಗಿ ಒಡೆಯಿತು. ಓಬರ್‌ಕೋಖೆನ್ ಎಂಬ ಊರಿನಲ್ಲಿ ಹೊಸ ಕಾರ್ಖಾನೆಯನ್ನು ಮೊದಲಿನಿಂದ ಕಟ್ಟುವ ಕೆಲಸಕ್ಕೆ ಆ ವಯಸ್ಸಿನಲ್ಲಿ ಅವನು ಕೈಹಾಕಿದನು. 1959ರ ಅಕ್ಟೋಬರ್ 28ರಂದು ಹೈಡನ್‌ಹೈಮ್‌ನಲ್ಲಿ ಅವನು ತೀರಿಕೊಂಡನು. ಯೇನಾದಲ್ಲಿ 1926ರಲ್ಲಿ ತೆರೆದ ತಾರಾಲಯ ಇಂದಿಗೂ ಪ್ರದರ್ಶನ ನಡೆಸುತ್ತಿದೆ.